ತೋಳಿನ ಮೇಲಿನ ನಂಬರು

ಸೋಮವಾರ. ಪತ್ತಿನ ಸಂಘದ ಕೌಂಟರಿನೊಳಗಿಂದ
ಕೈ ಚಾಚಿ ರೊಕ್ಕ ಕೊಡುವಾಗ
ತಿಪ್ಪಣ್ಣಜ್ಜ ನನ್ನ ತೋಳು ನೋಡಿದ:
ನಾಲ್ಕು ನೂರಾ ಹದಿನೇಳು.
"ಯವ್ವಾ, ನಿನಗೂ ಟೋಕನ್ ಕೊಟ್ಟಾರೇನು?"

ಕೊಟ್ಟಾರ ಅಜ್ಜಾ.
ಎರಡು ಸಲ ಸೋಪು ಹಚ್ಚಿ ತಿಕ್ಕಿದರೂ ಹೋಗವಲ್ಲದು.

ನವನಗರದಲ್ಲಿ ನಸುಕಿನ ನಾಲ್ಕೂವರೆ.
ಹುಬ್ಬಳ್ಳಿ ಬಸ್ಸು ಡಿಪೋಕ್ಕೆ ಬಿಟ್ಟು ಶಂಕ್ರು ಮೆಟ್ಟಿಲು ಹತ್ತುತ್ತಾನೆ,
ಖಾಕಿ ತುಂಬ ಡೀಸೆಲ್ ವಾಸನೆ.
ನಾನು ಸೈಕಲ್ಲು ಹೊತ್ತು ಇಳಿಯುತ್ತಿರುತ್ತೇನೆ.
ನಡುಮೆಟ್ಟಿಲಲ್ಲಿ ಕೀಲಿ ಕೈ ಬದಲಾಗುತ್ತದೆ.
"ಹಾಲು?"
"ಕಾಸೇನಿ."
"ಕೂಸು?"
"ರಾತ್ರಿ ಕೆಮ್ಮಲಿಲ್ಲ."
ಕೆಲವು ವಾರ ಇಷ್ಟೇ ನಮ್ಮ ಸಂಸಾರ.

ಹಿನ್ನೀರು ತಣ್ಣಗಿರುತ್ತದೆ, ಸ್ವಲ್ಪ ಪಾಚಿ ನಾರುತ್ತದೆ.
ಈ ನೀರಿನ ಕೆಳಗೆಲ್ಲೋ ನಮ್ಮ ಹಳೇ ಓಣಿ.
ತಾಸಿಗೆ ಎರಡು ರೂಪಾಯಿಯ ಬಾಡಿಗೆ ಸೈಕಲ್ಲು,
ಅಪ್ಪ ಸೀಟು ಹಿಡಿದು ಹಿಂದೆ ಓಡುತ್ತಿದ್ದ,
ಬಿಟ್ಟದ್ದು ಹೇಳಲೇ ಇಲ್ಲ.
ಅವನು ಓಡಿದ್ದು, ನಾನು ತುಳಿದದ್ದು,
ಈಗ ಉಸಿರು ಎಣಿಸುತ್ತ ಈಜುವುದು
ಎಲ್ಲ ಅದೇ ನೂರು ಮಾರಿನೊಳಗೆ.

ನಿನ್ನೆ ನಾನು ಓಡಿ ಮುಟ್ಟುವಾಗ
ಶಾಮಿಯಾನದ ಗೂಟ ಕೀಳುತ್ತಿದ್ದರು.
ಶಂಕ್ರುಗೆ ರಜೆ ಸಿಕ್ಕಿರಲಿಲ್ಲ.
ಅತ್ತೆಯ ತೊಡೆ ಮೇಲೆ ಭೂಮಿಕಾ ನಿದ್ದೆ ಹೋಗಿದ್ದಳು,
ಅವಳ ಪುಟ್ಟ ತೋಳಿನ ಮೇಲೂ
ಬಾಲ್‌ಪೆನ್ನಿನ ಸೊಟ್ಟ ಏಳು.
"ಹಸಿವಿ ಆಗೇತೇನು?" ಅಂದರು ಅತ್ತೆ,
ಕುಬಸದೊಳಗಿಂದ ಪುಟ್ಟ ಗಡಿಯಾರ ತೆಗೆದು ನೋಡುತ್ತ.
ಅಂದರೆ ಅವರೂ ಟೈಮ್ ಹಿಡಿದಿದ್ದರು.

ತಿಪ್ಪಣ್ಣಜ್ಜ ನೋಟು ಎಣಿಸಿ ಮುಗಿಸಿದ,
ಉಗುಳು ಹಚ್ಚಿ ಇನ್ನೊಮ್ಮೆ ಎಣಿಸಿದ.
"ಮತ್ತ, ಪಾಳಿ ಬಂತೇನು?"

ಬಂತು ಅಜ್ಜಾ.
ಎಲ್ಲರದೂ ಮುಗಿದ ಮೇಲೆ.