ಆನೆ ಇನ್ನೂ ಬಂದಿಲ್ಲ

ಸುಂಟಿಕೊಪ್ಪದಲ್ಲಿ, ಹಿಟ್ಟಿನ ಗಿರಣಿಯ ಎದುರು,
ಹಿಂದೆ ಕರಿಮೆಣಸು ತುಂಬುತ್ತಿದ್ದ ಗೋದಾಮು ನನ್ನ ಸ್ಟುಡಿಯೊ.
ಸುಣ್ಣ ಬಳಿದು ಐದು ವರ್ಷವಾಯಿತು,
ದೀಪ ಕಾದರೆ ಈಗಲೂ ಗೋಡೆ ಘಾಟು ಬಿಡುತ್ತದೆ.
ಮದುಮಕ್ಕಳು ಸೀನುತ್ತಾರೆ.

ಕೆಲಸ ಬಟ್ಟೆಯಿಂದ ಶುರು. ಹನ್ನೆರಡು ಅಡಿ ಹಸಿರು.
ಒಂದು ಸುಕ್ಕಿದ್ದರೂ ಸುಕ್ಕಿಗೊಂದು ನೆರಳು,
ನೆರಳಿದ್ದಲ್ಲಿ ಕಂಪ್ಯೂಟರು ತಡವರಿಸುತ್ತದೆ.
ಅಶ್ಕರ್ ಇಸ್ತ್ರಿ ಹಿಡಿದು ಏಣಿ ಹತ್ತುತ್ತಾನೆ,
ಕೆಳಗಂಚಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು, ಒಂದು ಇಟ್ಟಿಗೆ.
ಎಡಕ್ಕೊಂದು ಬಲಕ್ಕೊಂದು ದೀಪ, ಬಟ್ಟೆಗೆ ಮಾತ್ರ.
ನಾಲ್ಕು ಮೂಲೆಗೂ ನಡುವಿಗೂ ಮೀಟರ್ ಹಿಡಿಯುತ್ತೇನೆ
ಕೆಮ್ಮುವ ಮಗುವಿನ ಬೆನ್ನ ಮೇಲೆ
ಡಾಕ್ಟರು ಕೊಳವೆ ಸರಿಸಿದ ಹಾಗೆ.
ಎಲ್ಲೆಡೆ ಒಂದೇ ಅಂಕಿ ಬರಬೇಕು.
ಗಿರಣಿ ತಿರುಗಿದರೆ ವೋಲ್ಟೇಜು ಕುಸಿದು ಅಂಕಿ ಜಾರುತ್ತದೆ;
ಆಗ ಅಶ್ಕರ್ ರಸ್ತೆ ದಾಟಿ ಹೋಗಿ ಬೇಡಿಕೊಳ್ಳುತ್ತಾನೆ:
ಹತ್ತೇ ನಿಮಿಷ, ರಾಗಿ ರಾಗಿಯಾಗೇ ಇರಲಿ.

ಹೊರಗೆ ಎಷ್ಟು ಹಸಿರು! ಕಾಫಿಯದು ಬೇರೆ, ಮೆಣಸಿನ ಬಳ್ಳಿಯದು ಬೇರೆ,
ಸಿಲ್ವರ್ ಓಕಿನದು ಹಸಿರೋ ಬೂದಿಯೋ ಇನ್ನೂ ತೀರ್ಮಾನವಾಗಿಲ್ಲ.
ನನಗೆ ಬೇಕಾದ್ದು ಯಾವ ಗಿಡದಲ್ಲೂ ಇಲ್ಲದ ಒಂದು,
ಅಳಿಸಿಹೋಗಲೆಂದೇ ನೇಯ್ದದ್ದು.

ಇವತ್ತು ಅರಣ್ಯ ಇಲಾಖೆಯ ಕೆಲಸ.
ತೋಟದಲ್ಲಿ ಆನೆ ಎದುರಾದರೆ ಏನು ಮಾಡಬೇಕು, ಮೂರು ನಿಮಿಷದಲ್ಲಿ.
ಹೇಳುವವಳು ಎರವರ ಬೊಳ್ಳಿ, ಸಿದ್ದಾಪುರದ ಕಡೆಯವಳು,
ಇಪ್ಪತ್ತೆರಡು ವರ್ಷ ಲೈನ್ ಮನೆ, ಎರಡು ಸಲ ಆನೆ.
ಆನೆ ಆಮೇಲೆ ಬರುತ್ತದೆ ಅಂದೆ, ಮೈಸೂರಿನಲ್ಲಿ ಸೇರಿಸುತ್ತಾರೆ.
ಬಟ್ಟೆಯ ಹಿಂದೆ ಇಣುಕಿ ನೋಡಿ ಬಂದಳು.

ಬಳೆ ಬಿಚ್ಚಿಸಬೇಕಾಯಿತು, ಹಸಿರು ಗಾಜು;
ಬಿಟ್ಟರೆ ಮಣಿಕಟ್ಟು ಮಾಯವಾಗಿ ಅಂಗೈ ಒಂದೇ ತೇಲುತ್ತದೆ.
ಸೋಪು ಹಚ್ಚಿದರೂ ನಾಲ್ಕನೆಯದು ಬರಲಿಲ್ಲ,
ಅದಕ್ಕೆ ಕಪ್ಪು ಟೇಪು ಸುತ್ತಿದೆ.
ಗಲ್ಲದಡಿ ಹಸಿರು ಮೆತ್ತಿದೆ ಅಂದರೆ ಸೆರಗಿನಿಂದ ಒರೆಸಿಕೊಂಡಳು.
ಒರೆಸಿದರೆ ಹೋಗದು, ಅದು ಬಟ್ಟೆಯಿಂದ ಚಿಮ್ಮಿದ ಬೆಳಕು.
ಆರು ಹೆಜ್ಜೆ ಮುಂದೆ ಬನ್ನಿ. ಬಂದಳು. ಹೋಯಿತು.
ಹಿಂದಿನಿಂದ ಒಂದು ದೀಪ, ಕೂದಲಂಚು ಬಿಡಿಸಲು;
ಮುಂದೆ ಬಲಕ್ಕೆ ದೊಡ್ಡದು, ನನ್ನ ಹೆಮ್ಮೆಯದು,
ಮೂಗಿನ ಪಕ್ಕ ಚಂದದ ನೆರಳು ಬೀಳಿಸುವಂಥದ್ದು.

"ಆನೆ ಎಡಗಡೆ ಇದೆ, ನೋಡಿ" ಎಂದೆ.
ನೋಡಲಿಲ್ಲ.
"ಎಷ್ಟು ಗಂಟೆ ಈಗ?"
ಹನ್ನೊಂದೂವರೆ.
"ಅಲ್ಲ, ಇಲ್ಲಿ." ಕಾಲ ಕೆಳಗಿನ ಬಟ್ಟೆ ತೋರಿಸಿದಳು.
ರೇಂಜರು ಕಾಗದ ತಿರುವಿ ಅಂದರು, ಬೆಳಗ್ಗೆ ಆರು.
"ಆರಕ್ಕೆ ಈ ಬಿಸಿಲು ಎಲ್ಲಿಂದ?
ಇಷ್ಟು ಬೆಳಕಿದ್ದರೆ ದೂರದಿಂದಲೇ ಕಾಣ್ತದಲ್ಲ,
ನಾನ್ಯಾಕೆ ಎದುರಿಗೆ ಹೋಗ್ತಿದ್ದೆ?
ಆ ಹೊತ್ತಿಗೆ ಯಾರಿಗೂ ನೆರಳಿಲ್ಲ.
ಕಲ್ಲು ಅನಿಸ್ತದೆ. ಕಲ್ಲು ಕಿವಿ ಬೀಸ್ತದೆ."

ಹತ್ತೊಂಬತ್ತು ವರ್ಷದಿಂದ ಮುಖಗಳಿಗೆ ಬೆಳಕು ಕೊಟ್ಟವನು ನಾನು.
ದೊಡ್ಡ ದೀಪ ಆರಿಸಿದೆ.
ಸೂರಿಗೆ ಬಿಳಿ ಪಂಚೆ ಕಟ್ಟಿ, ಬೆಳಕನ್ನು ಮೇಲಕ್ಕೆ ತಿರುಗಿಸಿ,
ನೀಲಿ ಹಾಳೆ ಒಂದು ಪದರ.
ಅವಳು ಕೈ ಚಾಚಿ, ಮಗುಚಿ ನೋಡಿಕೊಂಡಳು.
ಇನ್ನೂ ಕಮ್ಮಿ. ಇನ್ನೊಂದು ಪದರ. ಇನ್ನೂ.
ಹಿಂದಿನ ಬಟ್ಟೆಯದನ್ನೂ ಇಳಿಸಿ, ಮತ್ತೆ ನಾಲ್ಕು ಮೂಲೆ.
ಚಿತ್ರ ಕಾಳು ಕಾಳಾಗ್ತದೆ ಅಣ್ಣ, ಎಂದು ಅಶ್ಕರ್ ಗೊಣಗಿದ.
"ಇದು" ಎಂದಳು ಬೊಳ್ಳಿ.

ಆಮೇಲೆ ಯಾರೂ ಹೇಳಿಕೊಡಲಿಲ್ಲ.
ಎಡಕ್ಕಲ್ಲ, ತುಸು ಬಲಕ್ಕೆ, ರೇಂಜರು ನಿಂತಲ್ಲಿಗೆ ನೋಡಿದಳು.
ಕಂಕುಳ ಬುಟ್ಟಿಯನ್ನು ಸದ್ದಾಗದ ಹಾಗೆ ನೆಲಕ್ಕಿಟ್ಟಳು.
ಬುಟ್ಟಿ ಇರಲಿಲ್ಲ.
ರೇಂಜರು ಮೆಲ್ಲಗೆ ಗೋಡೆಗೆ ಸರಿದರು.
ಒಂದು ಹೆಜ್ಜೆ ಹಿಂದಕ್ಕೆ. ಇನ್ನೊಂದು.
ಗಲ್ಲದಡಿ ಮತ್ತೆ ಹಸಿರು ಹತ್ತಿತು.
ಹತ್ತಲಿ; ಗಿಡಗಳ ನಡುವೆ ನಿಂತವಳಿಗೆ ಹತ್ತದೆ ಇರುತ್ತದೆಯೆ.

ಎದುರಿನ ಗಿರಣಿ ಶುರುವಾಯಿತು.
ದೀಪ ಒಂದು ಚೂರು ಕುಸಿಯಿತು.
ನಾನು ಅಶ್ಕರನನ್ನು ಕಳಿಸಲಿಲ್ಲ, ಮೀಟರ್ ನೋಡಲಿಲ್ಲ.
ಗೋಡೆಯಿಂದ ಮೆಣಸಿನ ಘಾಟು ಇಳಿದು
ಮೂಗಿನ ತುದಿಯಲ್ಲಿ ಸೀನು ಬಂದು ನಿಂತಿತು,
ಬೆರಳೊತ್ತಿ ತಡೆದುಕೊಂಡೆ.