ಇನ್ವರ್ನೆಸ್ಸಿನಲ್ಲಿ ಒಂದು ಲಿಂಬೆಹಣ್ಣು

ಕೀಲಿಕೈ ಕೌಂಟರಿನ ಮೇಲಿದೆ. ಇನ್ನೂ ಮುಟ್ಟಿಲ್ಲ.
ಆಚೆ ಕೂತ ಕೆಂಚುಗೂದಲಿನ ಹುಡುಗ
ನಾಲ್ಕನೇ ಕಾಗದ ಸರಿಸುತ್ತಾನೆ ನನ್ನ ಕಡೆ:
ಗಾಜು ಒಡೆದರೆ ಇಷ್ಟು, ಟೈರಿಗೆ ಇಷ್ಟು,
ಜಿಂಕೆ ಅಡ್ಡ ಬಂದರೆ, ಅದಕ್ಕೂ ಒಂದು ಸಾಲಿದೆ.

ಗದಗಿನ ಆರ್‌ಟಿಓ ಕಚೇರಿಗೆ ಮೂರು ಸಲ ಅಲೆದು
ಮಾಡಿಸಿಕೊಂಡ ಬೂದು ಪುಸ್ತಕ ಪರ್ಸಿನಲ್ಲಿ.
ಅದರೊಳಗಿನ ಫೋಟೋದ ಹೆಂಗಸು
ಎಲ್ಲಿ ಬೇಕಾದರೂ ಹೊಡೆಯುತ್ತೇನೆ ಅಂದಂತೆ ಕೂತಿದ್ದಾಳೆ.
ಇಲ್ಲಿಯೂ ಎಡಕ್ಕೇ, ನಮ್ಮ ಹಾಗೇ ಎಡಕ್ಕೇ
ಅನ್ನುತ್ತಾರೆ ಇವರು, ಸೈಕಲ್ಲೂ ನೆಟ್ಟಗೆ ಹೊಡೆಯದವರು.

ಹೌದು, ಎಡವೇ.
ಹನ್ನೊಂದು ವರ್ಷ ದಿನಾ ಮುಂಡರಗಿಗೆ ಹೋಗಿ ಬಂದವಳು ನಾನು,
ಅಂಚೆ ಕಚೇರಿಯ ಬೀಗ ತೆಗೆಯಲು.
ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಮುಂದಿದೆಯೆಂದು
ಕಾಣುವ ಮೊದಲೇ ಮೂಗಿಗೆ ತಿಳಿಯುತ್ತದೆ.
ಎಮ್ಮೆಯ ಕಿವಿ ನೋಡಿ ಹೇಳಬಲ್ಲೆ
ಅದು ನಿಲ್ಲುತ್ತದೋ, ದಾಟುತ್ತದೋ.
ಆದರೆ ಈ ಊರಲ್ಲಿ ಮಧ್ಯಾಹ್ನ ಮೂರೂವರೆಗೆ
ಸೂರ್ಯ ಅಂಗಡಿ ಮುಚ್ಚುತ್ತಾನೆ.
ಸ್ಕೈ ದ್ವೀಪಕ್ಕೆ ಮೂರು ತಾಸು, ಬೇಸಿಗೆಯ ಲೆಕ್ಕ ಅದು
ಎಂದ ಹುಡುಗ. ಚಳಿಗಾಲದ್ದು ಕೇಳಿದೆ.
ಭುಜ ಕುಣಿಸಿದ.

ಮುಕ್ತಾಗೆ ಕಿಟಕಿ ಬೇಕು. ತೋಂಟೇಶನಿಗೆ
ಎಲ್ಲೆಂದರಲ್ಲಿ ನಿಲ್ಲಿಸಿ ಉಚ್ಚೆ ಹೊಯ್ಯುವ ಸ್ವಾತಂತ್ರ್ಯ ಬೇಕು.
ಇವರಿಗೆ ಐದು ಬಸ್ ಟಿಕೆಟ್ಟಿಗಿಂತ ಕಾರೇ ಅಗ್ಗ,
ಮೊಬೈಲಿನಲ್ಲಿ ಕೂಡಿಸಿ, ಕಳೆದು, ಮತ್ತೆ ಕೂಡಿಸಿ ತೋರಿಸುತ್ತಾರೆ.
ಆ ಲೆಕ್ಕದಲ್ಲಿ
ನಿನ್ನೆ ರಾತ್ರಿಯಿಡೀ ಹಾಸಿಗೆಯಲ್ಲೇ
ಗೇರ್ ಬದಲಿಸುತ್ತಿದ್ದ ನನ್ನ ಎಡಗೈ ಇಲ್ಲ.

ಮಾವನವರು ಒಂದೂ ಮಾತಾಡಿಲ್ಲ.
ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು,
ಒಂದೂ ಅಪಘಾತವಿಲ್ಲ; ಬೆಳ್ಳಿಯ ಪದಕ
ಊರಲ್ಲಿ, ಟ್ರಂಕಿನಲ್ಲಿ, ತೀರಿಹೋದ ಅತ್ತೆಯ ಕುಪ್ಪಸಗಳ ಕೆಳಗೆ.
ನಿನ್ನೆ ಸಂಜೆ ದಿನಸಿ ಅಂಗಡಿಯಲ್ಲಿ
ಒಂದೇ ಒಂದು ಲಿಂಬೆಹಣ್ಣು ಕೊಂಡಿದ್ದರು,
ತಾವೇ ಚಿಲ್ಲರೆ ಎಣಿಸಿ.
ಯಾಕೆಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತು
ಗಾಡಿ ಹೊರಡುವ ಮುನ್ನ ಚಕ್ರದಡಿಗೆ ಏನಿಡಬೇಕೆಂದು.

ಈಗ ಎದ್ದರು. ಗಾಜಿನ ಬಾಗಿಲು ತಾನಾಗಿ ಸರಿಯಿತು,
ಚಳಿ ಒಳಗೆ ಬಂತು, ಅವರು ಹೊರಗೆ ಹೋದರು.
ಬಿಳಿ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ.
ರಸ್ತೆಯಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು,
ಕೈಗವಸು ಕಳಚಿ, ಡಾಂಬರಿನ ಮೇಲೆ ಅಂಗೈ ಇಟ್ಟರು,
ಜ್ವರ ಬಂದ ಕೂಸಿನ ಹಣೆ ಮುಟ್ಟಿದಂತೆ.
ಒದ್ದೆಯಂತೆ ಹೊಳೆಯುತ್ತಿತ್ತು.
ಒದ್ದೆಯಾಗಿರಲಿಲ್ಲ.

ಬಂದರು. ಅಂಗೈ ಕೆಂಪಾಗಿತ್ತು.
"ಹೊಡಿಯಾಕ ನಿನಗ ಬರತೈತಿ ಯವ್ವಾ, ಅದರಾಗ ಮಾತಿಲ್ಲ.
ಆದರ ಈ ಹಾದಿ ಸುಳ್ಳು ಹೇಳತೈತಿ.
ಸುಳ್ಳು ಹೇಳೋ ಹಾದಿ ಕಲಿಯಾಕ ಒಂದು ವರ್ಷ ಬೇಕು,
ನಮಗ ಐದ ದಿನ ರಜಾ."

ಎದೆಯೊಳಗೆ ಏನೋ ಸಡಿಲಾಯಿತು,
ಜೊತೆಗೇ ಸಣ್ಣ ಸಿಟ್ಟೂ ಬಂತು:
ಇದನ್ನು ನಾನೇ ಹೇಳಬೇಕಿತ್ತು. ಬೆಳಿಗ್ಗೆಯಿಂದ ಬಾಯಲ್ಲೇ ಇತ್ತು.
ಕೀಲಿಕೈಯನ್ನು ಹುಡುಗನ ಕಡೆ ಸರಿಸಿದೆ. ಅದನ್ನಾದರೂ ನಾನೇ.
ಮುಂಗಡದಲ್ಲಿ ಅರ್ಧ ಹೋಯಿತು. ಇವರು ಮತ್ತೆ ಕಳೆಯತೊಡಗಿದರು.

ಬಸ್ಸು. ಹೊಡೆಯುವವಳು ನನ್ನ ವಯಸ್ಸಿನವಳೇ,
ಬೆರಳಿಗೊಂದು ಬ್ಯಾಂಡೇಜು.
ಮಾವ ಅವಳ ಹಿಂದಿನ ಸೀಟೇ ಹಿಡಿದರು, ಪಕ್ಕದಲ್ಲಿ ನಾನು.
ಸರೋವರದ ಬದಿಯಲ್ಲಿ ಪ್ರತಿ ತಿರುವಿಗೂ
ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ,
ಅವಳಿಗಿಂತ ಅರೆಕ್ಷಣ ಮೊದಲು.
ಒಂದೇ ಒಂದು ಸಲ ಅವಳು ಮೊದಲಾದಳು.
"ಶಾಣ್ಯಾ ಅದಾಳ" ಅಂದರು.
ಹಿಂದೆ ತೋಂಟೇಶನಿಗೆ ಆಗಲೇ ಉಚ್ಚೆ ಬಂದಿದೆ.

ಅವಲಕ್ಕಿಯ ಡಬ್ಬಿ ತೆರೆದಾಗ
ಕೋಟಿನ ಜೇಬಿನಿಂದ ಲಿಂಬೆ ತೆಗೆದರು,
ಹಲ್ಲಿನಲ್ಲೇ ಸಿಪ್ಪೆ ಸೀಳಿ ಎಲ್ಲರಿಗೂ ಹಿಂಡಿದರು.
ಭಾರೀ ಹುಳಿ. ಬೀಜವೇ ಇಲ್ಲ.
ಎರಡೂ ಮುಕ್ಕಾಲಿಗೇ ಕತ್ತಲು ಕವಿಯತೊಡಗಿತ್ತು;
ಬೆರಳು ನೆಕ್ಕುತ್ತ ಗಮನಿಸಿದೆ,
ನನ್ನ ಕಾಲೂ ಒತ್ತುತ್ತಿತ್ತು.