ಅಳತೆ ಪುಸ್ತಕ

ಇಬ್ರಾಹಿಂ ಸಾಹೇಬರ ಬೀದಿಯಲ್ಲಿ ನಮ್ಮಪ್ಪನ ಅಂಗಡಿ,
ಬೊಂಗಾಳೆ ಟೈಲರ್ಸ್. ಬೋರ್ಡಿನ ಮೇಲೆ ಕತ್ತರಿಯ ಚಿತ್ರ,
ಬಿಸಿಲಿಗೆ ಒಂದು ಕಾಲು ಅಳಿಸಿಹೋದ ಕುಂಟ ಕತ್ತರಿ.
ಕಾಜಾ ಹೊಲಿಯುವುದು ನನ್ನ ಕೆಲಸ.
ಬೆರಳ ತುದಿ ಈಗಲೂ ಮರಗಟ್ಟಿದೆ, ಮುಟ್ಟಿ ನೋಡಿ.

ಪುಸ್ತಕ ಮಾತ್ರ ಉಳಿದಿದೆ. ಕೆಂಪು ರಟ್ಟು, ಅಪ್ಪನ ಮೋಡಿ ಅಕ್ಷರ.
ನಾನು ಹುಟ್ಟುವ ಹಿಂದಿನ ವರ್ಷ, ನಲವತ್ನಾಲ್ಕು:
ಸವರಿಮುತ್ತು, ಶೂಲೆ. ಎದೆ ಮೂವತ್ನಾಲ್ಕು, ತೋಳು ಇಪ್ಪತ್ನಾಲ್ಕು.
ಬಿಳಿ ಶಾರ್ಕ್‌ಸ್ಕಿನ್ ಕೋಟು.
ಎಡಕ್ಕೆ ಒಂದು ಒಳಜೇಬು, ಫ್ಲಾನೆಲ್ ಅಸ್ತರು,
ಪೀಪಿ ಇಡಲು.

ಪೀಪಿ ಅಂದರೆ ಟ್ರಂಪೆಟ್ಟಿನ ಬಾಯಿ.
ತಣ್ಣಗಿದ್ದರೆ ತುಟಿಯ ಮಾತು ಕೇಳದಂತೆ ಅದು,
ಕೋಳಿಮೊಟ್ಟೆಯ ಹಾಗೆ ಎದೆಯ ಕಾವಿಗೆ ಕೂರಿಸಬೇಕಂತೆ.

ಸೌತ್ ಪೆರೇಡಿನ ಡಾನ್ಸ್ ಹಾಲಿನ ಹೊರಗೆ ಬಣ್ಣದ ಅಕ್ಷರದಲ್ಲಿ
ಅವನು ಸ್ಯಾಮಿ ಮೋರ್.
ಬಾಲ ಕತ್ತರಿಸಿ, ಕಂಕುಳಲ್ಲಿ ಬಿಗಿ ಮಾಡಿ,
ಮ್ಯಾನೇಜರು ಆಲ್ಟರ್ ಮಾಡಿಸಿದ ಹೆಸರು.
ಒಳಗೆ ಬರ್ಮಾದಿಂದ ಬಂದವರು, ಬರ್ಮಾಕ್ಕೆ ಹೋಗುವವರು,
ಅವನು ಉಸಿರು ಹಿಡಿದಷ್ಟು ಹೊತ್ತು ಸಾಯದೇ ಕುಣಿದರು.
ಸ್ಯಾಮಿ ಮೋರ್‌ಗೆ ಚಪ್ಪಾಳೆ.
ಸವರಿಮುತ್ತುವಿಗೆ ಊಟ, ಹಿಂಬಾಗಿಲಲ್ಲಿ ನಿಂತು.

ಆಮೇಲೆ ಸೋಲ್ಜರುಗಳು ಹಡಗು ಹತ್ತಿದರು.
ಮರದ ನೆಲಕ್ಕೆ ಮೇಣ ಹಚ್ಚುವವರಿಲ್ಲ.
ನಲವತ್ತೊಂಬತ್ತು: ಅದೇ ಕೋಟು, ತಿರುವಿ ಹೊಲಿದದ್ದು.
ಜೇಬು ಬಲಕ್ಕೆ ಬಂತು; ಬಿಚ್ಚಿ ಮತ್ತೆ ಎಡಕ್ಕೇ ಹಾಕಿದ್ದು,
ಅದಕ್ಕೆ ಕೂಲಿ ಬರೆದಿಲ್ಲ.

ಮುಂದೆ ಎರಡು ವರ್ಷ ಅವನ ಪುಟವಿಲ್ಲ. ಮದರಾಸು.
ಯಾವುದೋ ಸಿನಿಮಾದಲ್ಲಿ ನಾಯಕಿ ಮೆಟ್ಟಿಲಿಳಿಯುವಾಗ
ಹನ್ನೊಂದು ಸೆಕೆಂಡು ಅವನ ಟ್ರಂಪೆಟ್.
ಹೆಸರು ಎಲ್ಲೂ ಹಾಕಲಿಲ್ಲ.
ಶಿವಾಜಿನಗರದ ಟೆಂಟಿಗೆ ಅದು ಬಂದಾಗ ಮೂರು ಸಲ ಹೋದೆ,
ಕತೆ ಏನೆಂದು ಕೇಳಬೇಡಿ. ಮೆಟ್ಟಿಲು ಎಣಿಸಿದ್ದೇನೆ:
ಹದಿನಾಲ್ಕು.

ಐವತ್ತೇಳರಲ್ಲಿ ಮದುವೆ ಬ್ಯಾಂಡಿನವರ ಆರ್ಡರು.
ಹನ್ನೆರಡು ಕೋಟು, ಕೆಂಪು, ಜರಿಗೋಟು, ಮೂರು ಸೈಜು.
ಹೆಸರುಗಳಿಲ್ಲ.
ಕಾಜಾಕ್ಕೆಂದು ಒಂದೊಂದೇ ತೊಡೆಯ ಮೇಲೆ ಹರವಿಕೊಂಡವಳು ನಾನು:
ಹನ್ನೊಂದಕ್ಕೆ ಒಳಜೇಬಿಲ್ಲ.

ತಿಗಳರಪೇಟೆಯ ಗಲ್ಲಿಯಲ್ಲಿ, ಪೆಟ್ರೊಮ್ಯಾಕ್ಸ್ ಹೊತ್ತ ಹೆಂಗಸರ ನಡುವೆ
ಆ ಹನ್ನೆರಡನೆಯ ಕೋಟನ್ನು ನೋಡಿದೆ.
ಎಲ್ಲರಿಗೂ ಗೊತ್ತಿದ್ದ ಧಾಟಿಯ ನಡುವೆ
ಬೇಕೆಂದೇ ಒಂದು ಸ್ವರ ಜಾರಿಸಿದ,
ಬಾಳೆಸಿಪ್ಪೆಯ ಮೇಲೆ ಕಾಲಿಟ್ಟವನಂತೆ. ಬೀಳಲಿಲ್ಲ.
ಡೋಲಿನವ ಬೈದ.
ಮದುಮಗನ ಕುದುರೆ ಮಾತ್ರ ಕಿವಿ ನಿಗುರಿಸಿ ನಿಂತಿತು.

ಹಾಡುವವರಿಗೆ ಗಂಟಲು. ಇವನ ಅನ್ನ ಇದ್ದದ್ದು
ಮುಂದಿನ ಎರಡು ಹಲ್ಲಿನಲ್ಲಿ.
ಅರವತ್ಮೂರರಲ್ಲಿ ಅವೂ ಅಲುಗಾಡಿದವು.
ಕಟ್ಟಿಸಿಕೊಳ್ಳಿ ಎಂದ ಅಪ್ಪ.
ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.
ಬಾಕಿ ಹನ್ನೊಂದು ರೂಪಾಯಿ. ಕೊಡಲು ಇರಲಿಲ್ಲ.

ಆ ರಾತ್ರಿ ಅಪ್ಪ ಷಟರು ಅರ್ಧ ಇಳಿಸಿ, ಆಮೇಲೆ ಪೂರ್ತಿ ಇಳಿಸಿ,
ಊದಿ ಅಂದ.
ಪಕ್ಕದಲ್ಲಿ ಬೋಹರಿಗಳ ಮನೆ, ಮೇಲೆ ಬಾಣಂತಿ.
ಸವರಿಮುತ್ತು ಜೇಬಿನಿಂದ ಪೀಪಿ ತೆಗೆದು ತಿರುಗಿಸಿ ಸಿಕ್ಕಿಸಿದ,
ಡೆಲಿವರಿಗೆ ತೂಗುಹಾಕಿದ್ದ ಕೋಟುಗಳ ಸಾಲಿಗೆ
ಟ್ರಂಪೆಟ್ಟಿನ ಮುಖ ತುರುಕಿದ.
ಉಣ್ಣೆಯೊಳಗಿಂದ ಬಂತು,
ಯಾರದೋ ಮನೆಯಲ್ಲಿ ಯಾರೋ ಬಾಗಿಲು ಮುಚ್ಚಿಕೊಂಡು
ದೊಡ್ಡ ದನಿಯಲ್ಲಿ ಖುಷಿಪಡುತ್ತಿದ್ದ ಹಾಗೆ.
ಎರಡು ಕಡೆ ಗಾಳಿ ಸೋರಿತು. ನಿಲ್ಲಿಸಲಿಲ್ಲ.
ಕೋಟಿನ ತೋಳುಗಳು ಅಲುಗಿದವು.
ಅಪ್ಪ ಟೇಪು ಕೊರಳಿಗೆ ಹಾಕಿಕೊಂಡು ನೆಲ ನೋಡುತ್ತಿದ್ದ.

ಪುಸ್ತಕದಲ್ಲಿ ಹನ್ನೊಂದು ರೂಪಾಯಿ ಇನ್ನೂ ಬಾಕಿ.
ಹೊಡೆದು ಹಾಕಿಲ್ಲ, ಬಂತು ಎಂದೂ ಬರೆದಿಲ್ಲ.

ಬೆಳಗ್ಗೆ ಕೋರ್ಟಿಗೆ ಹೊರಟ ವಕೀಲರು ಬಂದು
ಹೊಸ ಕೋಟಿಗೆ ಕೈ ತೂರಿಸಿ ಒಂದು ಗಳಿಗೆ ನಿಂತರು:
‘ಏನ್ರೀ ಇದು, ಬೆಚ್ಚಗಿದೆ?’
‘ಇಸ್ತ್ರಿ ಹಾಕಿದ್ದೆ, ಸ್ವಾಮಿ,’ ಅಂದ ಅಪ್ಪ.
ಇಸ್ತ್ರಿಪೆಟ್ಟಿಗೆಗೆ ಕೆಂಡ
ನಾನಿನ್ನೂ ತುಂಬಿರಲಿಲ್ಲ.